ಓದುಗರ ಪ್ರಶ್ನೆ: ಎರಡು ತಾಕು, ಇಪ್ಪತ್ತು ಪೊಟ್ಟಣ ಮಣ್ಣು

ಕಳೆದ ಸಂಚಿಕೆಯಲ್ಲಿ ಡಿಎನ್‌ಎ ಓದಿ ಬ್ಯಾಕ್ಟೀರಿಯಾಗಳನ್ನು ಗುರುತಿಸುವ ಬಗೆಯನ್ನು ಬರೆದಿದ್ದೆ. ಎಲ್ಲ ಬ್ಯಾಕ್ಟೀರಿಯಾಗಳಲ್ಲೂ 16ಎಸ್ ಎಂಬ, ಸುಮಾರು 1,500 ಅಕ್ಷರ ಉದ್ದದ ಒಂದು ಜೀನ್ ಇರುತ್ತದೆ. ಅದರ ಒಂದು ತುಣುಕನ್ನು ಸಾವಿರಾರು ಸಲ ಓದಿ, ಮಣ್ಣಿನಲ್ಲೋ ಮೊಸರಿನಲ್ಲೋ ಯಾರು ಯಾರು ಇದ್ದಾರೆಂದು ಪಟ್ಟಿ ಮಾಡುತ್ತಾರೆ. ಅದನ್ನು ಓದಿ ಬಂದ ಪತ್ರಗಳಲ್ಲಿ ಹೆಚ್ಚಿನವು ಮುಂದಿನ ಹೆಜ್ಜೆಯನ್ನು ಕೇಳುತ್ತವೆ: ಎರಡು ಪಟ್ಟಿ ಕೈಗೆ ಬಂದ ಮೇಲೆ ಅವೆರಡೂ ಬೇರೆ ಎಂದು ಹೇಳುವುದು ಹೇಗೆ? ಕೃಷಿ ಮತ್ತು ಆಹಾರ ವಿಜ್ಞಾನದ ವಿದ್ಯಾರ್ಥಿಗಳಿಗೆ ಸಂಖ್ಯಾಶಾಸ್ತ್ರ ಕಲಿಸುವ ನನಗೆ ಇದು ತೀರ ಹತ್ತಿರದ ಪ್ರಶ್ನೆ. ಐದು ಪತ್ರಗಳನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಮ್ಮದು ಅಡಿಕೆ ತೋಟ. ಹೊಳೆ ಬದಿಯ ಭಾಗಕ್ಕೆ ಕೆಲವು ವರ್ಷಗಳಿಂದ ಜೀವಾಮೃತ, ಕೊಟ್ಟಿಗೆ ಗೊಬ್ಬರ ಮಾತ್ರ ಕೊಡುತ್ತಿದ್ದೇವೆ. ಮೇಲಿನ ಭಾಗಕ್ಕೆ ಮೊದಲಿನಂತೆ ರಸಗೊಬ್ಬರ. ತಮ್ಮನ ಮಗ ಎರಡೂ ಕಡೆಯಿಂದ ಹತ್ತು ಹತ್ತು ಪೊಟ್ಟಣ ಮಣ್ಣು ತೆಗೆದು ಲ್ಯಾಬಿಗೆ ಕಳಿಸಿದ್ದ. ‘ಬ್ರೇ–ಕರ್ಟಿಸ್ ಅಂತರ 0.62, ಪರ್ಮನೋವಾ ಪಿ 0.001’ ಎಂದು ರಿಪೋರ್ಟು ಬಂದಿದೆ. ಜೀವಾಮೃತದಿಂದ ಮಣ್ಣಿನ ಜೀವಿಗಳು ಬದಲಾದವು ಎಂದು ತಿಳಿಯಬಹುದೇ ಮೇಡಂ?
(ಅಡಿಕೆ ಬೆಳೆಗಾರರು, ಶಿರಸಿ ತಾಲ್ಲೂಕು)

ಉತ್ತರ: ನಿಮ್ಮ ತೋಟದ ಎರಡು ಭಾಗದ ಮಣ್ಣು ಬೇರೆ ಬೇರೆ ಎಂಬುದಕ್ಕೆ ಈ ರಿಪೋರ್ಟು ಒಳ್ಳೆಯ ಸಾಕ್ಷಿ. ಆ ಬೇರೆತನ ಜೀವಾಮೃತದಿಂದಲೇ ಬಂತು ಎಂಬುದಕ್ಕೆ ಇದು ಸಾಕ್ಷಿಯಲ್ಲ. ಹೀಗೇಕೆ ಎನ್ನುವುದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು, ಏಕೆಂದರೆ ಇಂಥ ರಿಪೋರ್ಟು ಹಿಡಿದು ಹಣ ಹೂಡುವವರು ಈಗ ಹೆಚ್ಚುತ್ತಿದ್ದಾರೆ.

ಮೊದಲು 0.62. ಬ್ರೇ ಮತ್ತು ಕರ್ಟಿಸ್ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಕಾಡುಗಳನ್ನು ಅಧ್ಯಯನ ಮಾಡಿದವರು. ಒಂದು ಕಾಡಿನ ಮರಗಿಡಗಳ ಪಟ್ಟಿಗೂ ಇನ್ನೊಂದು ಕಾಡಿನ ಪಟ್ಟಿಗೂ ಎಷ್ಟು ಹೋಲಿಕೆ ಎಂದು ಅಳೆಯಲು 1957ರ ಪ್ರಬಂಧದಲ್ಲಿ ಅವರು ಬಳಸಿದ ಲೆಕ್ಕ ಇದು. ಡಿಎನ್‌ಎ ಓದುವ ಯಂತ್ರ ಹುಟ್ಟುವುದಕ್ಕೆ ಎಷ್ಟೋ ಮೊದಲಿನದು. ಲೆಕ್ಕ ಸುಲಭ. ಮೊದಲ ಮಣ್ಣಿನಲ್ಲಿ ಮೂರು ಜಾತಿಯ ಬ್ಯಾಕ್ಟೀರಿಯಾ 60, 30, 10ರ ಪ್ರಮಾಣದಲ್ಲಿವೆ. ಎರಡನೆಯದರಲ್ಲಿ ಅವೇ ಮೂರು 30, 30, 40 ಎಂದಿಟ್ಟುಕೊಳ್ಳಿ. ಪ್ರತಿ ಜಾತಿಯಲ್ಲೂ ಎರಡರಲ್ಲಿ ಚಿಕ್ಕ ಸಂಖ್ಯೆಯನ್ನು ಹಿಡಿಯಿರಿ: 30, 30, 10. ಒಟ್ಟು 70. ಅಂದರೆ ನೂರಕ್ಕೆ 70 ಪಾಲು ಎರಡಕ್ಕೂ ಸಮಾನ, ಉಳಿದ 30 ಪಾಲು ಬೇರೆ. ಬ್ರೇ–ಕರ್ಟಿಸ್ ಅಂತರ 0.30. ಇದೇ ಅಂಕಿಗಳಿಗೆ 1901ರಲ್ಲಿ ಸ್ವಿಸ್ ಸಸ್ಯವಿಜ್ಞಾನಿ ಪಾಲ್ ಜಕಾರ್ ಆಲ್ಪ್ಸ್ ಪರ್ವತದ ಗಿಡಗಳಿಗೆ ಬಳಸಿದ ಅಳತೆ ಹಾಕಿದರೆ ಅಂತರ ಸೊನ್ನೆ, ಏಕೆಂದರೆ ಆ ಲೆಕ್ಕ ‘ಇದೆಯೇ, ಇಲ್ಲವೇ’ ಎಂದಷ್ಟೇ ಕೇಳುತ್ತದೆ, ಮೂರೂ ಜಾತಿ ಎರಡೂ ಕಡೆ ಇವೆ. ಅಂತರದ ಅಂಕಿ ನೋಡುವ ಮೊದಲು ಅದು ಯಾವ ಅಂತರ ಎಂದು ಕೇಳಬೇಕಾದ್ದು ಇದಕ್ಕೇ.

0.62 ದೊಡ್ಡದೇ? ಅದೊಂದನ್ನೇ ನೋಡಿ ಹೇಳಲಾಗದು. ಒಂದೇ ಮರದ ಬುಡದ ಎರಡು ಬದಿಯ ಮಣ್ಣು ಹೋಲಿಸಿದರೂ ಸೊನ್ನೆ ಬರುವುದಿಲ್ಲ. ಹೊಳೆ ಬದಿಯ ಹತ್ತು ಪೊಟ್ಟಣಗಳ ನಡುವೆಯೇ ಸರಾಸರಿ ಅಂತರ ಎಷ್ಟು, ಮೇಲಿನ ಹತ್ತರ ನಡುವೆ ಎಷ್ಟು ಎಂದು ಲ್ಯಾಬಿನವರನ್ನು ಕೇಳಿ. ಒಳಗಿನ ಅಂತರವೇ 0.55 ಇದ್ದರೆ 0.62 ದೊಡ್ಡ ಸುದ್ದಿಯಲ್ಲ. ಒಳಗೆ 0.25 ಇದ್ದರೆ ದೊಡ್ಡ ಸುದ್ದಿ.

ಪರ್ಮನೋವಾ ಮಾಡುವುದು ಇದೇ ಹೋಲಿಕೆಯನ್ನು. ಮಾರ್ಟಿ ಆ್ಯಂಡರ್ಸನ್ ಎಂಬ ಪರಿಸರ ಸಂಖ್ಯಾಶಾಸ್ತ್ರಜ್ಞೆ 2001ರಲ್ಲಿ ಪ್ರಕಟಿಸಿದ ವಿಧಾನ. ಪೊಟ್ಟಣಗಳ ಮೇಲಿನ ‘ಹೊಳೆ ಬದಿ’, ‘ಮೇಲಿನ ಭಾಗ’ ಎಂಬ ಚೀಟಿಗಳನ್ನು ಕಂಪ್ಯೂಟರ್ ಕಿತ್ತು, ಕಲಸಿ, ಮನಬಂದಂತೆ ಮತ್ತೆ ಅಂಟಿಸುತ್ತದೆ. ಹೀಗೆ 999 ಸಲ. ಪ್ರತಿ ಸಲವೂ ಗುಂಪುಗಳ ನಡುವಿನ ವ್ಯತ್ಯಾಸ ಲೆಕ್ಕ ಹಾಕುತ್ತದೆ. ನಿಜವಾದ ಚೀಟಿಗಳಿಂದ ಬಂದಷ್ಟು ದೊಡ್ಡ ವ್ಯತ್ಯಾಸ ಆ 999ರಲ್ಲಿ ಒಮ್ಮೆಯೂ ಬರದಿದ್ದರೆ ಪಿ, ಅಂದರೆ ಬರೀ ಚೀಟಿ ಕಲಸಿದರೂ ಅಷ್ಟು ವ್ಯತ್ಯಾಸ ಬರುವ ಸಂಭವ, ನಿಜವಾದ ಚೀಟಿಗಳ ಲೆಕ್ಕವೂ ಸೇರಿ ಸಾವಿರಕ್ಕೆ ಒಂದು, 0.001. 999 ಸಲ ಕಲಸಿದಾಗ ಬರಬಹುದಾದ ಅತಿ ಚಿಕ್ಕ ಬೆಲೆಯೇ ಅದು.

ಆದರೆ ಚೀಟಿ ಕಲಸುವುದರ ಹಿಂದೆ ಒಂದು ನಂಬಿಕೆ ಇದೆ: ಯಾವ ಪೊಟ್ಟಣಕ್ಕೆ ಯಾವ ಚೀಟಿಯಾದರೂ ಬೀಳಬಹುದಿತ್ತು ಎನ್ನುವುದು. ನಿಮ್ಮ ತೋಟದಲ್ಲಿ ಹಾಗಾಗಲಿಲ್ಲ. ಗೊಬ್ಬರ ಹಂಚಿದ್ದು ಪೊಟ್ಟಣ ಪೊಟ್ಟಣಕ್ಕೆ ಅಲ್ಲ, ಇಡೀ ತಾಕಿಗೆ. ಜೀವಾಮೃತ ಕಂಡ ತಾಕು ಒಂದು, ಕಾಣದ ತಾಕು ಒಂದು. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಸಾಕು, ಆದರೆ ಒಂದೇ ಪಾತ್ರೆಯ ಹತ್ತು ಅಗುಳು ಹಿಸುಕಿದರೂ ಪಕ್ಕದ ಮನೆಯ ಪಾತ್ರೆಯ ಸುದ್ದಿ ಸಿಗದು. ಸ್ಟುವರ್ಟ್ ಹರ್ಲ್‌ಬರ್ಟ್ 1984ರಲ್ಲಿ ಇದಕ್ಕೆ ಹುಸಿ ಪುನರಾವರ್ತನೆ ಎಂದು ಹೆಸರಿಟ್ಟು, ಪ್ರಕಟವಾದ ಪರಿಸರ ಅಧ್ಯಯನಗಳಲ್ಲೇ ಅದು ಎಷ್ಟು ಸಾಮಾನ್ಯ ಎಂದು ತೋರಿಸಿಕೊಟ್ಟರು. ಸೀಕ್ವೆನ್ಸಿಂಗ್, ಅಂದರೆ ಡಿಎನ್‌ಎ ಓದುವ ತಂತ್ರ, ಬಂದ ಮೇಲೂ ಅದು ಕಡಿಮೆಯಾಗಲಿಲ್ಲ.

ಹೊಳೆ ಬದಿಯ ಮಣ್ಣಿಗೆ ತೇವ ಹೆಚ್ಚು, ಮಳೆಗಾಲದಲ್ಲಿ ಮೆಕ್ಕಲು ಬಂದು ಕೂರುತ್ತದೆ, ನೆರಳು ಬೇರೆ. ಎಲ್ಲಕ್ಕಿಂತ ಮುಖ್ಯವಾದದ್ದು ಹುಳಿ–ಕ್ಷಾರದ ಅಳತೆ, ಅಂದರೆ ಪಿಎಚ್. ಉತ್ತರ ಮತ್ತು ದಕ್ಷಿಣ ಅಮೆರಿಕದ 98 ಕಡೆಯ ಮಣ್ಣು ಹೋಲಿಸಿ 2006ರಲ್ಲಿ ಫಿಯರರ್ ಮತ್ತು ಜ್ಯಾಕ್ಸನ್ ಕಂಡುಕೊಂಡಂತೆ, ಬ್ಯಾಕ್ಟೀರಿಯಾಗಳ ವೈವಿಧ್ಯವನ್ನು ಹವೆಗಿಂತಲೂ ದೂರಕ್ಕಿಂತಲೂ ಚೆನ್ನಾಗಿ ಹೇಳಿದ್ದು ಮಣ್ಣಿನ ಪಿಎಚ್. ಹಾಗಾಗಿ ಮೊದಲು ಎರಡೂ ಭಾಗದ ಪಿಎಚ್ ನೋಡಿಸಿ. ಅದಕ್ಕೆ ತಗಲುವ ಖರ್ಚು ಬಹಳ ಕಡಿಮೆ.

ಜೀವಾಮೃತದ ಪ್ರಶ್ನೆಗೇ ಉತ್ತರ ಬೇಕೆಂದರೆ ದಾರಿ ಇದೆ. ತೋಟದಲ್ಲಿ ಮೇಲಿಂದ ಹೊಳೆಯವರೆಗೆ ಎಂಟು ಜಾಗ ಗುರುತಿಸಿ. ಪ್ರತಿ ಜಾಗವನ್ನೂ ಎರಡು ಮಾಡಿ, ನಾಣ್ಯ ಚಿಮ್ಮಿ ಒಂದರ್ಧಕ್ಕೆ ಮಾತ್ರ ಜೀವಾಮೃತ ಕೊಡಿ. ಬಸಿಗಾಲುವೆಯ ನೀರು ಒಂದರಿಂದ ಇನ್ನೊಂದಕ್ಕೆ ಹರಿಯದ ಹಾಗೆ ನಡುವೆ ಒಂದು ಸಾಲು ಮರ ಬಿಡಿ. ಒಂದು ಅರ್ಧದ ನಾಲ್ಕಾರು ಕಡೆ ಮಣ್ಣು ತೆಗೆದು, ಬೆರೆಸಿ, ಒಂದೇ ಪೊಟ್ಟಣ ಮಾಡಿ. ಒಟ್ಟು ಹದಿನಾರು ಪೊಟ್ಟಣ, ನೀವು ಈಗ ಕಳಿಸಿದ್ದಕ್ಕಿಂತ ಕಡಿಮೆ. ಚೀಟಿ ಅದಲುಬದಲು ಮಾಡುವುದನ್ನು ಆಯಾ ಜೋಡಿಯೊಳಗೆ ಮಾತ್ರ ಮಾಡಬೇಕೆಂದು ಲ್ಯಾಬಿಗೆ ಬರೆದು ತಿಳಿಸಿ. ಆಗ ಬರುವ ಪಿ ಗೊಬ್ಬರದ ಮಾತನ್ನೇ ಆಡುತ್ತದೆ.

ಪ್ರಶ್ನೆ: ಮೂರು ಮನೆ ಮತ್ತು ಮೂರು ಹೋಟೆಲುಗಳ ಇಡ್ಲಿ ಹಿಟ್ಟು ಹೋಲಿಸುತ್ತಿದ್ದೇನೆ. ಮಾದರಿಗಳ ಅಂತರವನ್ನು ಚುಕ್ಕೆಗಳಾಗಿ ತೋರಿಸುವ ಚಿತ್ರದಲ್ಲಿ ಎರಡು ಗುಂಪು ಸ್ಪಷ್ಟವಾಗಿ ದೂರ ನಿಲ್ಲುತ್ತವೆ, ಆದರೂ ಪರ್ಮನೋವಾದ ಪಿ 0.1ರಿಂದ ಕೆಳಗೆ ಇಳಿಯುವುದಿಲ್ಲ. ಬ್ರೇ–ಕರ್ಟಿಸ್ ಬಿಟ್ಟು ಯೂನಿಫ್ರಾಕ್ ಹಾಕು ಎನ್ನುತ್ತಾರೆ ಸೀನಿಯರ್. ಹಾಕಲೇ?
(ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ)

ಉತ್ತರ: ಯಾವ ಅಂತರ ಹಾಕಿದರೂ ಅದು ಇಳಿಯುವುದಿಲ್ಲಮ್ಮ. ಆರು ಮಾದರಿಗಳನ್ನು ಮೂರು–ಮೂರಾಗಿ ಚೀಟಿ ಹಚ್ಚುವ ಬಗೆಗಳು 20. ಗುಂಪಿನ ಹೆಸರು ತಿರುಗಿಸಿದರೆ ಲೆಕ್ಕ ಬದಲಾಗದ ಕಾರಣ ನಿಜಕ್ಕೂ ಬೇರೆಯಾದ ವಿಂಗಡಣೆಗಳು ಹತ್ತೇ. ಅವುಗಳಲ್ಲಿ ನಿನ್ನದು ಎಲ್ಲಕ್ಕಿಂತ ಮೇಲೆ ಬಂದರೂ ಪಿ ಹತ್ತಕ್ಕೆ ಒಂದು. ನಾಲ್ಕು–ನಾಲ್ಕು ಮಾದರಿ ಇದ್ದರೆ ವಿಂಗಡಣೆಗಳು 35, ಪಿ 0.029ರವರೆಗೆ ಇಳಿಯಬಹುದು. ಐದು–ಐದಾದರೆ 126, ಪಿ 0.008ರವರೆಗೆ. ಒಂದೊಂದು ಹಿಟ್ಟಿನ ಮೇಲೆ ಲಕ್ಷಗಟ್ಟಲೆ ರೀಡ್ (ಯಂತ್ರ ಓದಿದ ಡಿಎನ್‌ಎ ತುಣುಕು) ತೆಗೆಸುವ ದುಡ್ಡಿನಲ್ಲಿ ಇನ್ನೂ ಕೆಲವು ಮನೆಗಳ ಬಾಗಿಲು ತಟ್ಟು. ರೀಡ್ ಹೆಚ್ಚಾದರೆ ಒಂದು ಪಾತ್ರೆಯ ಚಿತ್ರ ಸ್ಪಷ್ಟವಾಗುತ್ತದೆ, ಊರಿನ ಮನೆಗಳ ಚಿತ್ರ ಅಲ್ಲ.

ಯೂನಿಫ್ರಾಕ್ ಬಗ್ಗೆ ಕೇಳಿದ್ದು ಒಳ್ಳೆಯದೇ, ಆದರೆ ಪಿ ಇಳಿಸಲು ಅಂತರ ಬದಲಿಸಬಾರದು. ಪ್ರಶ್ನೆ ಬದಲಾದಾಗ ಅಂತರ ಬದಲಾಗಬೇಕು. ಬ್ರೇ–ಕರ್ಟಿಸ್‌ಗೆ ಎಲ್ಲ ಹೆಸರುಗಳೂ ಒಂದಕ್ಕೊಂದು ಸಮಾನವಾಗಿ ಅಪರಿಚಿತ. ಕ್ಯಾಥರೀನ್ ಲೊಜುಪೋನ್ ಮತ್ತು ರಾಬ್ ನೈಟ್ 2005ರಲ್ಲಿ ಕೊಟ್ಟ ಯೂನಿಫ್ರಾಕ್ ವಂಶವೃಕ್ಷವನ್ನು ಮುಂದಿಟ್ಟುಕೊಂಡು ಅಳೆಯುತ್ತದೆ: ವೃಕ್ಷದ ಒಟ್ಟು ಕೊಂಬೆಗಳ ಉದ್ದದಲ್ಲಿ ಎಷ್ಟು ಪಾಲು ಒಂದೇ ಮಾದರಿಗೆ ಸೇರಿದ್ದು, ಎಷ್ಟು ಎರಡಕ್ಕೂ ಸೇರಿದ್ದು. ಉದ್ದಿನ ಜೊತೆ ಬಂದು ಹಿಟ್ಟು ಉಬ್ಬಿಸುವ ಲ್ಯೂಕೋನೋಸ್ಟಾಕ್ ಮನೆಯ ಹಿಟ್ಟಿನಲ್ಲಿದ್ದು, ಹೋಟೆಲಿನ ಹಿಟ್ಟಿನಲ್ಲಿ ಆ ಜಾಗವನ್ನು ಅದರ ಹತ್ತಿರದ ಬಂಧು ವೈಸೆಲ್ಲಾ ಹಿಡಿದಿದ್ದರೆ, ಬ್ರೇ–ಕರ್ಟಿಸ್ ಪೂರಾ ಬೇರೆ ಎನ್ನುತ್ತದೆ, ಯೂನಿಫ್ರಾಕ್ ಅಷ್ಟೇನೂ ಬೇರೆಯಲ್ಲ ಎನ್ನುತ್ತದೆ. ಎರಡೂ ಸರಿ. ನಿನಗೆ ಬೇಕಾದ್ದು ಯಾವುದು ಎಂದು ಮಾದರಿ ತೆಗೆಯುವ ಮೊದಲೇ ನೋಟ್‌ಬುಕ್ಕಿನಲ್ಲಿ ಬರೆದಿಡು.

ಹುದುಗಿನ ಆಹಾರದ ಮೇಲೆ ಕೆಲಸ ಮಾಡುವವರು ಒಂದು ವಿಚಾರ ಮರೆಯಬಾರದು. 2020ರಲ್ಲಿ ಲ್ಯಾಕ್ಟೋಬ್ಯಾಸಿಲಸ್ ಕುಲವನ್ನು 25 ಕುಲಗಳಾಗಿ ಒಡೆದರು. ಅವುಗಳಲ್ಲಿ 23 ಹೊಸವು. ಹಳೆಯ ಡೇಟಾಬೇಸ್ ಬಳಸಿ ಕುಲದ ಮಟ್ಟದಲ್ಲಿ ಬ್ರೇ–ಕರ್ಟಿಸ್ ಹಾಕಿದರೆ ಎರಡು ಹಿಟ್ಟುಗಳಲ್ಲೂ ‘ಲ್ಯಾಕ್ಟೋಬ್ಯಾಸಿಲಸ್’ ಎಂದು ಕಂಡು ಒಂದೇ ಥರ ಇವೆ ಅನ್ನಿಸುತ್ತದೆ. ಹೊಸ ಡೇಟಾಬೇಸಿನಲ್ಲಿ ಒಂದು ಲ್ಯಾಕ್ಟಿಪ್ಲಾಂಟಿಬ್ಯಾಸಿಲಸ್, ಇನ್ನೊಂದು ಲಿಮೋಸಿಲ್ಯಾಕ್ಟೋಬ್ಯಾಸಿಲಸ್ ಎಂದಾಗಿ ದೂರ ಸರಿಯುತ್ತವೆ. ಹಿಟ್ಟು ಅದೇ, ಡಿಎನ್‌ಎ ಅದೇ. ಕೊಂಬೆಯ ಉದ್ದ ಅಳೆಯುವ ಯೂನಿಫ್ರಾಕ್‌ಗೆ ಈ ತೊಂದರೆ ತಟ್ಟುವುದಿಲ್ಲ. ಹಾಗೆಯೇ ಅಕ್ಕಿ, ಉದ್ದಿನ ಜೀವಕೋಶಗಳ ಮೈಟೋಕಾಂಡ್ರಿಯಾ, ಕ್ಲೋರೋಪ್ಲಾಸ್ಟುಗಳಲ್ಲೂ 16ಎಸ್ ಇರುತ್ತದೆ, ಅವುಗಳ ರೀಡ್‌ಗಳನ್ನು ಮೊದಲು ತೆಗೆದುಹಾಕಿರುವೆ ತಾನೆ?

ಇನ್ನೊಂದು ಪರೀಕ್ಷೆಯನ್ನೂ ಜೊತೆಗೆ ಮಾಡು. ಮನೆಗಳ ಹಿಟ್ಟು ಒಂದೊಂದು ಒಂದೊಂದು ಥರ, ಹೋಟೆಲುಗಳದೆಲ್ಲ ಹೆಚ್ಚು ಕಡಿಮೆ ಒಂದೇ ಥರ ಇರಬಹುದು. ಆಗ ಎರಡೂ ಗುಂಪಿನ ನಡುಬಿಂದು ಒಂದೇ ಕಡೆ ಇದ್ದರೂ ಪರ್ಮನೋವಾ ವ್ಯತ್ಯಾಸ ಇದೆ ಎನ್ನಬಹುದು, ಏಕೆಂದರೆ ಅದಕ್ಕೆ ಹರಡಿಕೆಯ ವ್ಯತ್ಯಾಸವೂ ಕಾಣುತ್ತದೆ. ಹರಡಿಕೆಯನ್ನು ಬೇರೆಯಾಗಿ ಪರೀಕ್ಷಿಸುವ ವಿಧಾನವನ್ನು ಆ್ಯಂಡರ್ಸನ್ ಅವರೇ 2006ರಲ್ಲಿ ಕೊಟ್ಟಿದ್ದಾರೆ. ಎರಡೂ ಗುಂಪಿನಲ್ಲಿ ಸಮಸಂಖ್ಯೆಯ ಮಾದರಿ ಇಟ್ಟುಕೊಂಡರೆ ಈ ಕಾಟ ಬಹಳ ಕಡಿಮೆ. ನಿಜ ಹೇಳಬೇಕೆಂದರೆ, ಮನೆ ಮನೆಯ ಹಿಟ್ಟು ಇಷ್ಟು ಬೇರೆ ಬೇರೆ ಎಂಬುದೇ ನಿನ್ನ ಪ್ರಬಂಧದ ಅತಿ ಚೆಂದದ ಫಲಿತಾಂಶ ಆಗಬಹುದು, ಅದನ್ನು ತೊಂದರೆಯೆಂದು ಮೂಲೆಗೆ ಸರಿಸಬೇಡ.

ಪ್ರಶ್ನೆ: ನಿವೃತ್ತ ಬ್ಯಾಂಕ್ ನೌಕರ ನಾನು. ಮಗಳ ಒತ್ತಾಯಕ್ಕೆ ಕರುಳಿನ ಬ್ಯಾಕ್ಟೀರಿಯಾ ಪರೀಕ್ಷೆ ಎರಡು ಸಲ ಮಾಡಿಸಿದೆ. ಮೊದಲ ಸಲ ಬೈಫಿಡೋಬ್ಯಾಕ್ಟೀರಿಯಂ ಶೇ. 8, ಎರಡನೇ ಸಲ ಶೇ. 4. ಒಳ್ಳೆಯ ಬ್ಯಾಕ್ಟೀರಿಯಾ ಅರ್ಧಕ್ಕೆ ಇಳಿದಿದೆ, ಕ್ಯಾಪ್ಸೂಲ್ ತಗೊಳ್ಳಿ ಎಂದು ರಿಪೋರ್ಟಿನಲ್ಲೇ ಬರೆದಿದ್ದಾರೆ.
(ಮೈಸೂರು)

ಉತ್ತರ: ಸರ್, ಅರ್ಧಕ್ಕೆ ಇಳಿದದ್ದು ಪಾಲು. ಬ್ಯಾಕ್ಟೀರಿಯಾ ಇಳಿಯಿತೋ ಇಲ್ಲವೋ ಆ ಕಾಗದಕ್ಕೆ ತಿಳಿಯದು. ನೂರರಲ್ಲಿ ಎಂಟು ಇದ್ದದ್ದು ಎಂಟಾಗಿಯೇ ಉಳಿದು, ಉಳಿದವು ಹೆಚ್ಚಿ ಒಟ್ಟು ಇನ್ನೂರಾದರೂ ಶೇ. 4 ಎಂದೇ ಬರುತ್ತದೆ. ನೀವು ಬ್ಯಾಂಕಿನಲ್ಲಿದ್ದವರು, ಒಟ್ಟು ಗೊತ್ತಿಲ್ಲದ ಶೇಕಡಾದ ಬೆಲೆ ನಿಮಗೆ ಗೊತ್ತು. ಸೀಕ್ವೆನ್ಸಿಂಗ್ ಯಂತ್ರ ಒಂದು ಓಟದಲ್ಲಿ ಇಷ್ಟೇ ರೀಡ್ ಕೊಡುವುದು. ಕರುಳಿನಲ್ಲಿ ಎಷ್ಟು ಜೀವಿಗಳಿವೆ ಎಂಬುದಕ್ಕೂ ಆ ರೀಡ್‌ಗಳ ಒಟ್ಟು ಸಂಖ್ಯೆಗೂ ಸಂಬಂಧವಿಲ್ಲ. ಬೆಲ್ಜಿಯಂನ ಲ್ಯೂವೆನ್‌ನ ತಂಡ 2017ರಲ್ಲಿ ರೀಡ್‌ಗಳ ಜೊತೆಗೆ ಜೀವಕೋಶಗಳನ್ನೇ ಯಂತ್ರದಿಂದ ಎಣಿಸಿ ನೋಡಿತು. ಆರೋಗ್ಯವಂತರಲ್ಲೇ ಒಬ್ಬರಿಂದ ಒಬ್ಬರಿಗೆ ಒಟ್ಟು ಸಂಖ್ಯೆಯಲ್ಲಿ ಹತ್ತು ಪಟ್ಟಿನವರೆಗೆ ವ್ಯತ್ಯಾಸ ಇತ್ತು.

ಶೇಕಡಾಗಳನ್ನು ಒಂದಕ್ಕೊಂದು ತಾಳೆ ನೋಡಿದರೆ ಇಲ್ಲದ ಸಂಬಂಧ ಕಾಣುತ್ತದೆ ಎಂದು ಕಾರ್ಲ್ ಪಿಯರ್ಸನ್ 1897ರಲ್ಲೇ ಎಚ್ಚರಿಸಿದ್ದರು. ದಾರಿ ತೋರಿಸಿದವರು ಸ್ಕಾಟ್ಲೆಂಡಿನ ಜಾನ್ ಏಚಿಸನ್, 1982ರಲ್ಲಿ: ಪಾಲನ್ನು ಬಿಟ್ಟು ಪಾಲುಗಳ ಅನುಪಾತದ ಲಾಗರಿದಮ್ ನೋಡಿ ಎಂದರು. ಉಳಿದದ್ದು ಎಷ್ಟೇ ಹಿಗ್ಗಲಿ ಕುಗ್ಗಲಿ, ಎರಡು ಜೀವಿಗಳ ನಡುವಿನ ಅನುಪಾತ ಅದರಿಂದ ಕದಲುವುದಿಲ್ಲ. ಅವರು ಇದನ್ನು ಯೋಚಿಸಿದ್ದು ಕಲ್ಲುಗಳಲ್ಲಿನ ಖನಿಜಗಳಂಥ ಲೆಕ್ಕಗಳಿಗೆ. ಇಂದು ಕರುಳಿನ ಅಧ್ಯಯನಕ್ಕೂ ಅದೇ ಆಧಾರ.

ಹಾಗೆಂದು ಯಾವ ಅನುಪಾತವಾದರೂ ಸರಿ ಎಂದಲ್ಲ. ನಿಮ್ಮ ರಿಪೋರ್ಟಿನ ಮೊದಲ ಪುಟದಲ್ಲಿ ಫರ್ಮಿಕ್ಯೂಟ್ಸ್, ಬ್ಯಾಕ್ಟೀರಾಯ್ಡಿಟೀಸ್ ಎಂಬ ಎರಡು ದೊಡ್ಡ ಬ್ಯಾಕ್ಟೀರಿಯಾ ಗುಂಪುಗಳ ಅನುಪಾತಕ್ಕೆ ಕೆಂಪು ಬಣ್ಣ ಹಚ್ಚಿರಬಹುದು. ಬೊಜ್ಜಿಗೂ ಅದಕ್ಕೂ ನಂಟು ಇದೆ ಎಂದು 2006ರಲ್ಲಿ ದೊಡ್ಡ ಸುದ್ದಿಯಾಗಿತ್ತು. ಹಲವು ಅಧ್ಯಯನಗಳ ದತ್ತಾಂಶ ಸೇರಿಸಿ 2016ರಲ್ಲಿ ಮತ್ತೆ ಲೆಕ್ಕ ಹಾಕಿದಾಗ ಆ ನಂಟು ತೀರ ದುರ್ಬಲ ಎಂದು ತಿಳಿಯಿತು. ಮಲ ಗಟ್ಟಿಯೋ ತೆಳುವೋ ಎಂಬುದೇ ಇಂಥ ಅಂಕಿಗಳನ್ನು ಬಹಳಷ್ಟು ಅಲುಗಿಸುತ್ತದೆ. ಎರಡು ಸಲದ ನಡುವೆ ಮಲಬದ್ಧತೆ, ಭೇದಿ, ಆ್ಯಂಟಿಬಯೋಟಿಕ್ ಏನಾದರೂ ಇತ್ತೇ ನೆನಪಿಸಿಕೊಳ್ಳಿ. ಹೊಟ್ಟೆಯಲ್ಲಿ ತೊಂದರೆ ಇದ್ದರೆ ವೈದ್ಯರ ಬಳಿ ಹೋಗಿ. ಇಲ್ಲದಿದ್ದರೆ ಪರೀಕ್ಷೆ ಮಾಡಿದವರೇ ಮಾರುವ ಕ್ಯಾಪ್ಸೂಲಿಗೆ ಈ ಶೇ. 4 ಸಾಕಷ್ಟು ಕಾರಣವಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಪ್ರಶ್ನೆ: ಒಂದು ಮಾದರಿಗೆ 80,000 ರೀಡ್, ಇನ್ನೊಂದಕ್ಕೆ 8,000. ಎಲ್ಲವನ್ನೂ 8,000ಕ್ಕೆ ಇಳಿಸಿ ಹೋಲಿಸುವುದು ತಪ್ಪೆಂದು ಕೆಲವರು, ಸರಿಯೆಂದು ಕೆಲವರು.
(ಸಹಾಯಕ ಪ್ರಾಧ್ಯಾಪಕರು, ರಾಯಚೂರು)

ಉತ್ತರ: ಹೌದು, ಇದು ಹಳೆಯ ಜಗಳ. ಹೀಗೆ ಎಲ್ಲವನ್ನೂ ಒಂದೇ ಸಂಖ್ಯೆಗೆ ಇಳಿಸುವುದು ಸಮುದ್ರತಳದ ಜೀವಿಗಳಿಗಾಗಿ ಹೋವರ್ಡ್ ಸ್ಯಾಂಡರ್ಸ್ 1968ರಲ್ಲಿ ತಂದ ಯೋಚನೆ. 2014ರಲ್ಲಿ ಮೆಕ್‌ಮರ್ಡಿ ಮತ್ತು ಸುಸಾನ್ ಹೋಮ್ಸ್ ಇದು ದತ್ತಾಂಶ ಎಸೆಯುವ ಕೆಲಸ, ಒಪ್ಪಲಾಗದು ಎಂದರು. ನಾನು ಹೀಗೆ ಮಾಡಿಸುತ್ತೇನೆ: ಜಕಾರ್ ಅಥವಾ ತೂಕವಿಲ್ಲದ ಯೂನಿಫ್ರಾಕ್‌ನಂಥ ‘ಇದೆಯೇ, ಇಲ್ಲವೇ’ ಅಂತರಗಳಲ್ಲಿ ರೀಡ್ ಹೆಚ್ಚಿದ್ದ ಮಾದರಿಯಲ್ಲಿ ಅಪರೂಪದ ಜೀವಿಗಳು ಹೆಚ್ಚು ಕಾಣುವುದು ಖಂಡಿತ, ಆದ್ದರಿಂದ ಇಳಿಸಿ, ಆದರೆ ಒಮ್ಮೆ ಇಳಿಸಿ ನಿಲ್ಲಿಸಬೇಡಿ, ನೂರಾರು ಸಲ ಬೇರೆ ಬೇರೆ ರೀಡ್ ಆರಿಸಿ ಅಂತರಗಳ ಸರಾಸರಿ ತೆಗೆಯಿರಿ. ಯಾವ ಜೀವಿ ಹೆಚ್ಚಿತು, ಯಾವುದು ತಗ್ಗಿತು ಎಂದು ಒಂದೊಂದಾಗಿ ಕೇಳುವಾಗ ಇಳಿಸಬೇಡಿ. ಅಲ್ಲಿ ಒಂದೇ ವಿಧಾನವನ್ನು ನಂಬಲೂ ಬೇಡಿ: 14 ವಿಧಾನಗಳನ್ನು 38 ದತ್ತಾಂಶಗಳ ಮೇಲೆ ಓಡಿಸಿದ 2022ರ ಒಂದು ಅಧ್ಯಯನದಲ್ಲಿ ವಿಧಾನ ಬದಲಾದಂತೆ ಪಟ್ಟಿಯೇ ಬದಲಾಯಿತು. 80,000ದ ಮಾದರಿಗಳೆಲ್ಲ ಒಂದು ಗುಂಪಿನವು, 8,000ದವೆಲ್ಲ ಇನ್ನೊಂದು ಗುಂಪಿನವು ಆಗಿದ್ದರೆ ಮಾತ್ರ ಯಾವ ಲೆಕ್ಕವೂ ಕೈಹಿಡಿಯದು, ಮತ್ತೆ ಸೀಕ್ವೆನ್ಸ್ ಮಾಡಿಸಿ.

ಪ್ರಶ್ನೆ: ನಮ್ಮ ಊರಿನಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ ಅವರ ಹೆಸರು ಈ ಕ್ಷೇತ್ರದಲ್ಲೂ ಬರುತ್ತದೆಯಂತೆ. ಮಕ್ಕಳಿಗೆ ಹೇಳುವಂಥದ್ದು ಏನಾದರೂ ಇದೆಯೇ?
(ಪ್ರೌಢಶಾಲಾ ಗಣಿತ ಶಿಕ್ಷಕರು, ಹೂವಿನ ಹಡಗಲಿ)

ಉತ್ತರ: ಇದೆ, ಮತ್ತು ಈ ಪತ್ರ ನನಗೆ ಬಹಳ ಸಂತೋಷ ಕೊಟ್ಟಿತು. 1920ರ ಸೆಪ್ಟೆಂಬರ್ 10ರಂದು ಹಡಗಲಿಯಲ್ಲಿ ಹುಟ್ಟಿದ ರಾವ್, ಕೋಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ಅದರ ಸ್ಥಾಪಕ ಮಹಾಲನೋಬಿಸ್ ಅವರ ಬಳಿ ಬೆಳೆದವರು. ಅಲ್ಲಿಂದ ಕೇಂಬ್ರಿಜ್‌ಗೆ ಹೋಗಿ ಸುಡಾನಿನ ಜೆಬೆಲ್ ಮೋಯಾದಲ್ಲಿ ಸಿಕ್ಕ ಪ್ರಾಚೀನ ಅಸ್ಥಿಪಂಜರಗಳ ಅಳತೆಗಳನ್ನು ವಿಶ್ಲೇಷಿಸಿದರು. ಗುಂಪು ಗುಂಪಿನ ನಡುವೆ ಎಷ್ಟು ದೂರ ಎಂಬುದು ಅವರನ್ನು ಮೊದಲಿನಿಂದಲೂ ಹಿಡಿದ ಪ್ರಶ್ನೆ. 1982ರಲ್ಲಿ ಅವರು ವೈವಿಧ್ಯಕ್ಕೆ ಒಂದು ಅಳತೆ ಕೊಟ್ಟರು: ಸಮುದಾಯದಿಂದ ಕಣ್ಣುಮುಚ್ಚಿ ಇಬ್ಬರನ್ನು ಎತ್ತಿದರೆ ಅವರಿಬ್ಬರ ನಡುವೆ ಸರಾಸರಿ ಎಷ್ಟು ಅಂತರ ಇರುತ್ತದೆ? ಎರಡು ಸಮುದಾಯಗಳ ಅಂತರಕ್ಕೂ ಅದೇ ಯೋಚನೆ: ಒಬ್ಬರನ್ನು ಇಲ್ಲಿಂದ, ಒಬ್ಬರನ್ನು ಅಲ್ಲಿಂದ ಎತ್ತಿ ಅವರ ಸರಾಸರಿ ಅಂತರ ತೆಗೆದು, ಅದರಿಂದ ಎರಡೂ ಸಮುದಾಯಗಳ ಒಳ ಅಂತರಗಳ ಸರಾಸರಿಯನ್ನು ಕಳೆಯಿರಿ. ಒಟ್ಟು ವೈವಿಧ್ಯವನ್ನು ‘ಒಳಗಿನದು’, ‘ನಡುವಿನದು’ ಎಂದು ಒಡೆಯುವ ಈ ಜಾಡಿನಲ್ಲೇ ಪರ್ಮನೋವಾದಂಥ ವಿಧಾನಗಳೂ ನಡೆಯುತ್ತವೆ.

ಮಕ್ಕಳಿಗೆ ಶಿರಸಿಯ ಉತ್ತರದ ಅಂಕಿಗಳನ್ನೇ ಕೊಡಿ. ಮೊದಲ ಮಣ್ಣು 0.6, 0.3, 0.1, ಎರಡನೆಯದು 0.3, 0.3, 0.4. ಯಾವ ಎರಡು ಜಾತಿಗಳ ನಡುವೆಯೂ ಅಂತರ 1 ಎಂದುಕೊಂಡರೆ ಮೊದಲನೆಯದರ ಒಳ ಅಂತರ 1ರಿಂದ ಪಾಲುಗಳ ವರ್ಗಗಳ ಮೊತ್ತ ಕಳೆದಷ್ಟು, 0.54. ಎರಡನೆಯದರದು 0.66. ಇಲ್ಲೊಬ್ಬರು ಅಲ್ಲೊಬ್ಬರನ್ನು ಎತ್ತಿದರೆ 0.69. ಸಮುದಾಯಗಳ ಅಂತರ 0.69ರಿಂದ 0.60 ಕಳೆದು 0.09. ಆಮೇಲೆ ಹೇಳಿ: ಮೊದಲ ಜಾತಿಯೂ ಮೂರನೆಯದೂ ಹತ್ತಿರದ ಬಂಧುಗಳು, ಅವುಗಳ ನಡುವಿನ ಅಂತರ 0.2 ಮಾತ್ರ. ಮತ್ತೆ ಲೆಕ್ಕ ಹಾಕಲಿ. ಒಳ ಅಂತರಗಳು 0.444 ಮತ್ತು 0.468, ಅಡ್ಡ ಅಂತರ 0.474 ಬರಬೇಕು, ಸಮುದಾಯಗಳ ಅಂತರ 0.018. ಸರಿಯಾಗಿ ಐದರಲ್ಲಿ ಒಂದು ಪಾಲಿಗೆ ಇಳಿದದ್ದೇಕೆ ಎಂದು ಅವರೇ ಹುಡುಕಲಿ. ಎರಡನೇ ಜಾತಿಯ ಪಾಲು ಎರಡೂ ಕಡೆ 0.3 ಎಂಬುದನ್ನು ಯಾರಾದರೂ ಒಬ್ಬರು ಗಮನಿಸಿಯೇ ಗಮನಿಸುತ್ತಾರೆ.